ಜೀನು ಬಿಗಿದೇ ನಿಂತ ಕುದುರೆ

ಮಾನ್ಯರೇ,

ಕಳೆದ ಭಾನುವಾರ ಮಡಿಕೇರಿಯಲ್ಲಿ ಪ್ರವಾಸಿಗರ ಸವಾರಿಗೆ ನಿಲ್ಲಿಸಿದ್ದ ಕುದುರೆಗಳನ್ನು ಕಂಡೆ. ಬೆಳಿಗ್ಗೆ ಹತ್ತಕ್ಕೆ ನೋಡಿದ ಕಂದು ಕುದುರೆ ಸಂಜೆ ನಾಲ್ಕಕ್ಕೂ ಜೀನು ಬಿಗಿದೇ ಟಾರು ರಸ್ತೆಯ ಮೇಲೆ ನಿಂತಿತ್ತು. ಹೊಟ್ಟೆಪಟ್ಟಿಯಡಿ ಬೆರಳು ತೂರಿಸಲು ನೋಡಿದೆ, ಒಂದೂ ಹೋಗಲಿಲ್ಲ. ಪಟ್ಟಿ ಉಜ್ಜಿದಲ್ಲಿ ರೋಮ ಉದುರಿ ಚರ್ಮ ಕೆಂಪಾಗಿತ್ತು. ನೀರೆಲ್ಲಿ ಎಂದರೆ ಹುಡುಗ ನಕ್ಕ. ಅವನನ್ನು ಬೈದೇನು ಪ್ರಯೋಜನ, ಅವನೂ ದಿನಗೂಲಿಯವ.

ನಾನು ಸೇನೆಯಲ್ಲಿ ಹದಿನೇಳು ವರ್ಷ ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿಳಿದವ. ಪ್ರಾಣಿಯ ನೀರು, ಮೇವು ಮುಗಿದ ಮೇಲೆಯೇ ನಮಗೆ ಚಹಾ. ನಿವೃತ್ತರಾದವರು ಕಾಶಿಗೆ ಹೋದರೆ ನಾನು 2023ರ ಜುಲೈಯಲ್ಲಿ ಮಗಳ ಜೊತೆ ಮಂಗೋಲಿಯಾಕ್ಕೆ ಹೋದೆ. ಸುಮಾರು 35 ಲಕ್ಷ ಜನರ ಆ ದೇಶದಲ್ಲಿ ಜನರಿಗಿಂತ ಕುದುರೆಗಳೇ ಹೆಚ್ಚು. ಅರ್ಖಾಂಗೈ ಪ್ರಾಂತ್ಯದಲ್ಲಿ ಕುರಿ, ಕುದುರೆ ಸಾಕುವ ಮನೆಯೊಂದರ ‘ಗೆರ್’ ಎಂಬ ಉಣ್ಣೆಗಂಬಳಿಯ ಗುಡಾರದಲ್ಲಿ ಮೂರು ರಾತ್ರಿ ಉಳಿದೆವು. ಉಪ್ಪು ಹಾಕಿದ ಹಾಲಿನ ಚಹಾ ನನ್ನ ಕಾಫಿ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ!

ಅಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣದಿಂದ ಗುರುತಿಸುತ್ತಾರೆ. ಹೆಸರೇ ಇಲ್ಲದ ಮೇಲೆ ಅಕ್ಕರೆ ಎಲ್ಲಿಂದ ಬಂತು ಅಂದುಕೊಂಡಿದ್ದೆ. ಸವಾರಿ ಮುಗಿಸಿ ಇಳಿದೊಡನೆ ಯಜಮಾನ ಮೊದಲು ಹೊಟ್ಟೆಪಟ್ಟಿ ಸಡಿಲಿಸಿದ. ಬಳಿಕ ಬೂಟಿನೊಳಗಿಂದ ಮರದ ಚಪ್ಪಟೆ ತುಂಡೊಂದನ್ನು ತೆಗೆದು ಕತ್ತಿನಿಂದ ಪಕ್ಕೆಯವರೆಗೆ ಬೆವರು ಬಳಿದು ತೆಗೆದ. ಹುಲ್ಲಿನ ಮೇಲೆ ನೊರೆ ತೊಟ್ಟಿಕ್ಕಿತು. ಮೈ ಆರುವವರೆಗೆ ಕಟ್ಟಿದ್ದು ಆಮೇಲೆ ಬಯಲಿಗೆ ಬಿಟ್ಟ. ಮರುದಿನ ನನಗೆ ಬೇರೆ ಕುದುರೆ. ಹಿಂದಿನ ದಿನ ದುಡಿದದ್ದಕ್ಕೆ ರಜೆ!

ಅಲ್ಲಿಯದೆಲ್ಲ ಚಂದ ಎನ್ನಲಾರೆ. ನಾದಮ್ ಹಬ್ಬದ ಉದ್ದದ ಓಟಗಳಲ್ಲಿ ಪುಟ್ಟ ಮಕ್ಕಳನ್ನು ಕುದುರೆ ಹತ್ತಿಸುತ್ತಾರೆ, ಅದನ್ನು ನೋಡಿ ನನ್ನೆದೆ ಹೊಡೆದುಕೊಂಡಿತು.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದಲೇ ಇದೆ. ಸಂಬಂಧಪಟ್ಟವರು ಸವಾರಿ ಕುದುರೆಗಳಿಗೆ ಒಂದು ತಗಡಿನ ಮಾಡು ಹಾಕಿಸಲಿ, ಎರಡು ಗಂಟೆಗೊಮ್ಮೆ ಜೀನು ಇಳಿಸುವ ನಿಯಮ ಮಾಡಲಿ, ತಿಂಗಳಿಗೊಮ್ಮೆ ಪಶುವೈದ್ಯರಿಂದ ಬೆನ್ನು, ಗೊರಸು ನೋಡಿಸಲಿ. ನೀರಿನ ತೊಟ್ಟಿಯ ಖರ್ಚು ನನ್ನದು. ಎಲ್ಲಿ ಇಡಬೇಕೆಂದು ತೋರಿಸಿದರೆ ಸಾಕು.

– ನಿವೃತ್ತ ಸೈನಿಕ, ನಾಪೋಕ್ಲು