ಅಡಿಗೆಮನೆ ಒಡೆಸೋಕ್ ಮುಂಚೆ ಇದನ್ನ ಓದು

ಚಿ. ಪುಟ್ಟನಿಗೆ ಮಂಡ್ಯದಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀನು ವಾಟ್ಸಾಪಲ್ಲಿ ಕಳಿಸಿದ ಅಡಿಗೆಮನೆ ಡ್ರಾಯಿಂಗ್ ನೋಡ್ದೆ, ಚೆನ್ನಾಗೇನೋ ಇದೆ, ಆದ್ರೆ ಅದು ಯಾವ್ದೋ ಅಪಾರ್ಟ್‌ಮೆಂಟಿಗೆ ಹಾಕಿರೋ ಡ್ರಾಯಿಂಗು ಕಣೋ, ಮೈಸೂರಿನ ನಮ್ಮ ಕೃಷ್ಣಮೂರ್ತಿಪುರಂ ಹಳೇ ಮನೆಗಲ್ಲ. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ, ಅದಕ್ಕೇ ಟೈಪ್ ಮಾಡ್ತಿದೀನಿ.

ಹಳೇದನ್ನ ಮುಟ್ಟಲೇಬೇಡ ಅಂತಲ್ಲ ನನ್ನ ಮಾತು. ಆ ಸೌದೆ ಒಲೆ ಕಟ್ಟೆ ಇದ್ಯಲ್ಲ, ಧಾರಾಳವಾಗಿ ಒಡಿಸು. ನಿಮ್ಮಜ್ಜಿ ಅದರ ಮುಂದೆ ಕೂತು ಕಣ್ಣೀರು ಒರೆಸ್ಕೊಂಡು ಊದುಗೊಳವೆ ಊದಿದ್ದನ್ನ ನೋಡಿದೋಳು ನಾನು, ಈಗ ಅದನ್ನೇ ಟ್ರೆಡಿಷನಲ್ಲು ಅಂತ ಫೋಟೋ ಹಾಕೋರನ್ನ ಕಂಡ್ರೆ ನಂಗಾಗಲ್ಲ. ಕಟ್ಟೆ, ಸಿಂಕು, ಗ್ಯಾಸು, ಕರೆಂಟು ಎಲ್ಲಾ ಹೊಸದಾಗ್ಲಿ, ಗೋಡೆ ನೆಲ ಸೂರಿನ ತಂಟೆಗೆ ಮಾತ್ರ ಹೋಗಬೇಡ.

ಮುಖ್ಯ ಗೋಡೆ. ಮೇಸ್ತ್ರಿ ಏನಂತಾನೆ, ಹಳೇ ಗಾರೆ ಎಲ್ಲಾ ಕೆತ್ತಿ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿ ಸೂರಿನ ತನಕ ಟೈಲ್ಸ್ ಹೊಡೆದ್ಬಿಡ್ತೀನಿ ಅಂತಾನೆ, ಅಲ್ವಾ. ನಮ್ದು ಮಣ್ಣಲ್ಲಿ ಕಟ್ಟಿ ಸುಣ್ಣದ ಗಾರೆ ಬಳಿದ ಗೋಡೆ, ಅದು ಮಳೆಗಾಲದಲ್ಲಿ ಪಾಯದಿಂದ ತೇವ ಎಳ್ಕೊಳುತ್ತೆ, ಬೇಸಿಗೇಲಿ ಆರಿಸ್ಕೊಳುತ್ತೆ, ಇಷ್ಟು ವರ್ಷ ನಿಂತಿರೋದೇ ಹಂಗೆ. ಅದರ ಮೇಲೆ ಸಿಮೆಂಟು ಟೈಲ್ಸು ಹಾಕಿದ್ರೆ ಒದ್ದೆ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟಂಗೆ. ನಂಬಿಕೆ ಬರ್ಲಿಲ್ಲ ಅಂದ್ರೆ ಈಗಿನ ಸಿಂಕ್ ಹಿಂದಿನ ಗೋಡೆ ನೋಡು, ಅಲ್ಲಿ ಆಗ್ಲೇ ಯಾರೋ ಸಿಮೆಂಟ್ ಮೆತ್ತಿದಾರೆ, ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಮಂಡಿ ಎತ್ತರದವರೆಗೂ ಡಬಡಬ ಅನ್ನುತ್ತೆ, ಚಾಕು ತುದಿ ಹಾಕಿ ಮೀಟಿದ್ರೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತೆ, ಹಿಂದೆ ಬಿಳೀ ಉಪ್ಪು, ಅದರ ಹಿಂದೆ ಹಸಿ ಮಣ್ಣು. ಅದನ್ನ ಕಿತ್ತು ಒಂದು ಬೇಸಿಗೆ ಹಂಗೇ ಆರಕ್ಕೆ ಬಿಟ್ಟು ಮತ್ತೆ ಸುಣ್ಣದ ಗಾರೇನೇ ಹಾಕಿಸು, ಮೇಲೆ ಸುಣ್ಣ ಹೊಡೆಸು, ಪ್ಲಾಸ್ಟಿಕ್ ಪೇಂಟ್ ಬೇಡ. ನೀರು ಚೆಲ್ಲೋ ಕಡೆ, ಒಗ್ಗರಣೆ ಸಿಡಿಯೋ ಕಡೆ ಒಂದೂವರೆ ಅಡಿ ಕಡಪ ಕಲ್ಲು ನಿಲ್ಸಿದ್ರೆ ಸಾಕು. ಗಾರೆ ಗಟ್ಟಿ ಇಲ್ಲ ಸಾರ್ ಅಂತ ಮೇಸ್ತ್ರಿ ಅಂದ್ರೆ ಕನ್ನಂಬಾಡಿ ಕಟ್ಟೆ ತೋರ್ಸು, 1911ರಲ್ಲಿ ಕೆಲಸ ಶುರುವಾದ ಕಟ್ಟೆ ಅದು, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೇಲಿ ಕಟ್ಟಿದ್ದು, ನಮ್ಮ ಮಂಡ್ಯದ ಗದ್ದೆಗೆಲ್ಲ ಇವತ್ತಿಗೂ ಅದರದ್ದೇ ನೀರು.

ಓಪನ್ ಕಿಚನ್ ಅಂತ ನಡುಮನೆ ಕಡೆ ಗೋಡೆ ತೆಗೆಯೋದು ಬರ್ದಿದೀಯ. ಬೇಡ. ಆ ಮನೇಲಿ ಪಿಲ್ಲರ್ ಇಲ್ಲ, ತೊಲೆಗಳ ಭಾರ ಎಲ್ಲಾ ಗೋಡೆ ಮೇಲೇನೇ ಕೂತಿರೋದು. 2016ರಲ್ಲಿ ದೇವರಾಜ ಮಾರ್ಕೆಟ್ ಒಂದು ಭಾಗ ಕುಸಿದು ಬಿತ್ತಲ್ಲ, ಆಗ ಅಲ್ಲಿ ರಿಪೇರಿ ಕೆಲಸಾನೇ ನಡೀತಿತ್ತು, ನೆನಪಿರ್ಲಿ. ಬೆಳಕು ಬೇಕಾದ್ರೆ ಹೆಂಚಿನ ಭಾಗದಲ್ಲಿ ಎರಡು ಗಾಜಿನ ಹೆಂಚು ಜಾಸ್ತಿ ಹಾಕಿಸು. ಚಿಮಣಿ ಪೈಪನ್ನ ಈಗಿರೋ ಬೆಳಕಿಂಡೀಲೇ ಆಚೆ ಬಿಡು, ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿರೋ ಆ ಮದ್ರಾಸ್ ತಾರಸಿಗೆ ತೂತು ಕೊರೆಯೋಕೆ ಯಾರನ್ನೂ ಹತ್ತಿಸಬೇಡ, ಸೋರೋಕೆ ಶುರುವಾದ್ರೆ ಅದನ್ನ ಸರಿ ಮಾಡೋ ಕೈಗಳು ಈಗ ಸಿಗೋದು ಕಷ್ಟ.

ಗೋಡೆಗೆ ನೇತುಹಾಕೋ ಕ್ಯಾಬಿನೆಟ್ಟೂ ಬೇಡ, ಮಣ್ಣಿನ ಗೋಡೇಲಿ ಸ್ಕ್ರೂ ಹಿಡಿಯಲ್ಲ. ನೆಲದ ಮೇಲೆ ನಿಲ್ಲೋ ಬೀರು ಮಾಡಿಸು, ಗೋಡೆಗೆ ಅಂಟಿಸ್ದೆ ಎರಡು ಇಂಚು ಬಿಟ್ಟು, ಗಾಳಿ ಆಡ್ಲಿ, ಗೆದ್ದಲು ಬಂದ್ರೂ ಕಣ್ಣಿಗೆ ಕಾಣುತ್ತೆ. ಪ್ಲೈವುಡ್ ಮೇಲೆ ಐಎಸ್ 710 ಅಂತ ಸೀಲ್ ಇದ್ಯಾ ನೋಡ್ಕೊ, ಅದು ನೀರು ತಡೆಯೋ ಪ್ಲೈವುಡ್ಡಿನ ನಂಬರು, 303 ಅಂತಿದ್ರೆ ಅದು ಸಿಂಕ್ ಕೆಳಗೆ ಬಾಳಲ್ಲ. ಸಾಂಬಾರು ಡಬ್ಬಿ ಇಡ್ತಿದ್ದ ಗೂಡು ಮುಚ್ಚಿಸಬೇಡ, ಅದಕ್ಕಿಂತ ಒಳ್ಳೆ ಶೆಲ್ಫ್ ಯಾವ ಕಂಪನೀನೂ ಮಾಡ್ಕೊಡಲ್ಲ.

ಕೆಂಪು ನೆಲ ಒಡಿಬೇಡ. ಬಿರುಕು ಬಿಟ್ಟ ಕಡೆ ರೆಡ್ ಆಕ್ಸೈಡ್ ತೇಪೆ ಹಾಕ್ತಾರೆ, ಬಣ್ಣ ಮ್ಯಾಚ್ ಆಗಲ್ಲ, ಆ ಆಸೆ ಬಿಡು. ಕಟ್ಟೆ ಮುಂದೆ ನಿಂತು ನಿಂತು ಸವೆದಿರೋ ಜಾಗವನ್ನ ಉದ್ದಕ್ಕೆ ಚೌಕಟ್ಟಾಗಿ ಕತ್ತರಿಸಿ ಅಲ್ಲಿ ಕಡಪ ಕೂರಿಸಿದ್ರೆ ಬೇಕಂತ್ಲೇ ಮಾಡ್ಸಿದ್ದು ಅನ್ಸುತ್ತೆ. ಆಸಿಡ್ ಮಾತ್ರ ಹಾಕಿ ಉಜ್ಜಿಸಬೇಡ.

ಕರೆಂಟಿನ ವಿಷಯ, ಇಂಡಕ್ಷನ್ ಒಲೆ 2000 ವ್ಯಾಟ್ ಎಳೆಯುತ್ತೆ, ಹಳೇ ವೈರು ತಡೆಯಲ್ಲ, ಹೊಸ ಲೈನ್ ಎಳೆಸಿ 16 ಆಂಪ್ ಪಾಯಿಂಟು ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಹಾಕಿಸು, ಅರ್ಥಿಂಗ್ ಚೆಕ್ ಮಾಡ್ಸು. ಗ್ಯಾಸ್ ಸಿಲಿಂಡರ್ ಇಡೋ ಕಡೆ ನೆಲದ ಮಟ್ಟಕ್ಕೆ ಜಾಲರಿ ಬಿಡಿಸು, ಗ್ಯಾಸು ಗಾಳಿಗಿಂತ ಭಾರ, ಲೀಕ್ ಆದ್ರೆ ಕೆಳಗೇ ಕೂರುತ್ತೆ, ಮೇಲಿನ ಕಿಟಕಿ ಒಂದನ್ನೇ ನಂಬ್ಕೊಂಡ್ರೆ ಆಗಲ್ಲ.

ಕಟ್ಟೆ ಎತ್ತರ ಎಷ್ಟು ಅಂತ ಡ್ರಾಯಿಂಗಲ್ಲಿ ಬರ್ದೇ ಇಲ್ಲ. ನೀನೂ ನಿನ್ನ ಹೆಂಡ್ತೀನೂ ಇಬ್ರೂ ಅಡಿಗೆ ಮಾಡ್ತೀರಲ್ಲ, ನಿಂತ್ಕೊಂಡು ಮೊಣಕೈ ಮಡಚಿ ಅಳೆಸ್ಕೊಳ್ಳಿ, ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದ್ರೆ ಬೆನ್ನು ನೋಯಲ್ಲ. ನೀನು ಉದ್ದ, ಅವಳು ಗಿಡ್ಡ, ಅವಳ ಅಳತೆಗೆ ಒಂದು ಕಡೆ ತಗ್ಗಿಸಿ ಮಾಡ್ಸು, ಚಪಾತಿ ಲಟ್ಟಿಸೋಕೂ ಆಗುತ್ತೆ.

ಮೇಸ್ತ್ರಿಗೆ ಅಡ್ವಾನ್ಸ್ ಕೊಡ್ಬೇಡ ಇನ್ನೂ. ಸುಣ್ಣದ ಕೆಲಸ ಗೊತ್ತಾ ಅಂತ ಕೇಳು, ಗೊತ್ತು ಅಂದ್ರೆ ಮಾಡಿರೋ ಮನೆ ತೋರ್ಸು ಅನ್ನು, ತೋರಿಸ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡು, ಶ್ರೀರಂಗಪಟ್ಟಣದ ಕಡೆ ಒಬ್ರು ಇದಾರೆ, ವಯಸ್ಸಾಗಿದೆ ಆದ್ರೆ ಮಗನ್ನ ಕಳಿಸ್ತಾರೆ.

ಇಂತಿ ನಿನ್ನ ಅತ್ತೆ