ಬಳಸಿದ ಬಟ್ಟೆ: ಒಳಮಗ್ಗುಲು ನೋಡಿ ಕೊಳ್ಳಿ

ಮಾನ್ಯ ಸಂಪಾದಕರೇ,

ಪರಿಸರಕ್ಕೆ ಒಳ್ಳೆಯದು, ಬಳಸಿದ ಬಟ್ಟೆ ಕೊಳ್ಳಿ ಎಂಬ ಸಲಹೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆರಿಸುವುದು ಹೇಗೆಂದು ಹೇಳುವವರು ಕಡಿಮೆ. ಅಗ್ಗವೆಂದು ತಂದ ಅಂಗಿ ನಾಲ್ಕು ಸಲ ತೊಡುವಷ್ಟರಲ್ಲಿ ಹರಿದು ಕಸಕ್ಕೆ ಹೋದರೆ ಉಳಿತಾಯವೂ ಇಲ್ಲ, ಪರಿಸರವೂ ಇಲ್ಲ.

ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ತೊಡೆಸಂದು, ಕೂರುವ ಭಾಗ, ಮೊಣಕೈ ಇಲ್ಲೆಲ್ಲ ಬೆಳಕು ಹೆಚ್ಚು ತೂರಿಬಂದರೆ ನೂಲು ಸವೆದಿದೆ ಎಂದೇ ಅರ್ಥ. ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲಿ ಹರಿಯುತ್ತದೆ. ಆಮೇಲೆ ಒಳಮಗ್ಗುಲು ತಿರುಗಿಸಿ. ಪಕ್ಕದ ಹೊಲಿಗೆಯೊಳಗೆ ಒಂದೂವರೆ ಸೆಂ.ಮೀ. ಬಟ್ಟೆ ಬಿಟ್ಟಿದ್ದರೆ ಸೊಂಟವನ್ನು ಎರಡು-ಮೂರು ಸೆಂ.ಮೀ. ಸಡಿಲಿಸಬಹುದು; ಆದರೆ ಹಳೆಯ ಹೊಲಿಗೆಯ ಗೆರೆ ಕಾಣಬಹುದು. ಭುಜ ದೊಡ್ಡದಾದರೆ ಬೇಡವೇ ಬೇಡ. ತೋಳು ಬಿಚ್ಚಿ ಮತ್ತೆ ಕೂಡಿಸುವ ಕೂಲಿ ಅಂಗಿಯ ಬೆಲೆಯನ್ನೇ ಮೀರೀತು. ಸೈಜಿನ ಚೀಟಿಯನ್ನು ನಂಬಬೇಡಿ, ಕಂಪನಿಗೊಂದು ಅಳತೆ. ನಿಮಗೆ ಸರಿಹೊಂದುವ ಅಂಗಿಯೊಂದನ್ನು ಹಾಸಿ ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ ಅಳೆದು ಬರೆದುಕೊಂಡು ಹೋಗಿ.

ಗುಂಡಿ ಬಿದ್ದಿರುವುದು, ಜಿಪ್ಪಿನ ರನ್ನರ್ ಕೆಟ್ಟಿರುವುದು ದೋಷಗಳೇ ಅಲ್ಲ, ಚೌಕಾಸಿಗೆ ಸಿಕ್ಕ ಕಾರಣಗಳು. ಸರಿಯಾಗದ ದೋಷಗಳು ಬೇರೆ ಇವೆ. ಕಾಲರಿನಲ್ಲಿ ಗುಳ್ಳೆ ಎದ್ದಿದ್ದರೆ ಒಳಗೆ ಗಡಸಿಗೆಂದು ಅಂಟಿಸಿದ ಬಕ್ರಮ್‌ನ ಅಂಟು ಬಿಟ್ಟಿದೆ, ಇಸ್ತ್ರಿಗೆ ಬಗ್ಗದು. ಹಿಗ್ಗುವ ಜೀನ್ಸನ್ನು ಮೊಣಕಾಲಿನ ಬಳಿ ಎಳೆದು ಬಿಟ್ಟಾಗ ಅಲೆಅಲೆಯಾಗಿ ನಿಂತರೆ ಅದರ ಹಿಗ್ಗುವ ನೂಲು, ಸ್ಪ್ಯಾಂಡೆಕ್ಸ್, ಸತ್ತಿದೆ. ಅತಿಯಾದ ಬಿಸಿ ಮತ್ತು ಕ್ಲೋರಿನ್ ಬ್ಲೀಚ್ ಅದಕ್ಕೆ ಶತ್ರು. ಪಾಲಿಯೆಸ್ಟರ್ ಅಂಗಿಯ ಕಂಕುಳನ್ನು ಮೂಸಿ ನೋಡಲು ನಾಚಬೇಡಿ. ಅದು ಹಿಡಿದಿಟ್ಟ ಬೆವರಿನ ವಾಸನೆ ಎಷ್ಟು ಒಗೆದರೂ ಸುಲಭಕ್ಕೆ ಬಿಡುವುದಿಲ್ಲ.

ತಂದದ್ದನ್ನು ನೇರವಾಗಿ ಬೀರುವಿಗೆ ಸೇರಿಸದೆ, ಚೀಲ ಕಟ್ಟಿ ಬೇರೆಯಾಗಿಡಿ. ಬಣ್ಣ ಬಿಡದ ಹತ್ತಿಬಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಒಗೆದರೆ ತಿಗಣೆ ಉಳಿಯದು. ಉಣ್ಣೆ ಆ ಬಿಸಿಗೆ ಕುಗ್ಗಿ ಗಟ್ಟಿಯಾಗುತ್ತದೆ. ಅದನ್ನು ಗಾಳಿಯಾಡದ ಚೀಲದಲ್ಲಿಟ್ಟು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಬಿಡಿ.

ಒಳಉಡುಪು, ಕಾಲುಚೀಲಗಳನ್ನು ಹೊಸದಾಗಿಯೇ ಕೊಳ್ಳಬೇಕಾಗುತ್ತದೆ. ಅಲ್ಲಿ ಶುರು ಪ್ರಮಾಣೀಕರಣದ ಚೀಟಿಗಳ ಗೊಂದಲ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತು ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯೇ ಎಂದಷ್ಟೇ ನೋಡುತ್ತದೆ, ಹೊಲಿದವರ ಕೂಲಿಯ ಬಗ್ಗೆ ಅದು ಏನೂ ಹೇಳದು. ಫೇರ್‌ಟ್ರೇಡ್ ಕಾಟನ್ ಗುರುತು ಹತ್ತಿ ಬೆಳೆದ ರೈತನಿಗೆ ಸಂಬಂಧಿಸಿದ್ದು. ಸಾವಯವ ಬಟ್ಟೆಯ ಜಾಗತಿಕ ಗುರುತಾದ ಜಿಓಟಿಎಸ್‌ಗೆ ಕನಿಷ್ಠ 70% ಸಾವಯವ ನಾರು ಬೇಕು, ‘ಸಾವಯವ’ ಎಂದೇ ಬರೆಯಲು 95%. ಕಾರ್ಖಾನೆಯ ದುಡಿಮೆಯ ನಿಯಮಗಳೂ ಅದರಲ್ಲಿವೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೂ ‘ಪರಿಸರಸ್ನೇಹಿ’ ಎಂಬ ಒಂದೇ ಪದಕ್ಕೆ ಮರುಳಾಗುವುದು ಸರಿಯಲ್ಲ. ಇನ್ನು ಬೆಲೆಯ ಮಾತು: ಇಮ್ಮಡಿ ಕೊಟ್ಟು ಕೊಂಡದ್ದನ್ನು ನಾಲ್ಕು ಪಟ್ಟು ಹೆಚ್ಚು ಸಲ ತೊಟ್ಟರೆ ಪ್ರತಿ ಸಲದ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಜಿಓಟಿಎಸ್ ಚೀಟಿಯಲ್ಲಿ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರೂ ಪರವಾನಗಿ ಸಂಖ್ಯೆಯೂ ಇರಬೇಕು. ಆ ಗುರುತು ತೋರಿಸುವ ಜಾಹೀರಾತು ಬಂದಾಗ ಆ ಸಂಖ್ಯೆಯನ್ನು ತಮ್ಮ ಪತ್ರಿಕೆಯೂ ಕೇಳಿ ಪಡೆದು, ಜಾಹೀರಾತಿನ ಜೊತೆಗೇ ಅಚ್ಚು ಹಾಕಬೇಕೆಂದು ಕೋರಿಕೆ.

ಇತಿ,
ಪತ್ರಿಕೆಯ ಓದುಗ