ಚೆಕ್ ಎಂಜಿನ್ ದೀಪದ ದಾರಿ ತೋರಿಸಿದವರಿಗೆ

ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕ ಹಿರಿಯರೇ, ಹೆಸರು ಬೇಡ ಎಂದಿರಿ. ಹಾಗಾಗಿ ಹೆಸರಿಲ್ಲದೆಯೇ ಮನಸಾರೆ ಧನ್ಯವಾದ ಹೇಳುತ್ತಿದ್ದೇನೆ.

ನನ್ನ ಕಾರಿನಲ್ಲಿ ಎಂಜಿನ್ ದೋಷ ತೋರಿಸುವ ಚೆಕ್ ಎಂಜಿನ್ ದೀಪ ಹತ್ತಿತ್ತು. ಗ್ಯಾರೇಜಿನವರು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ ಅಂದಿದ್ದರು. ನಾನು ಅದನ್ನೇ ಕೊಳ್ಳಲು ಬಂದಿದ್ದೆ. ನೀವು ತಡೆದಿರಿ. ‘ದೀಪ ಮಿನುಗುತ್ತಿದೆಯಾ, ಒಂದೇ ಸಮ ಉರಿಯುತ್ತಿದೆಯಾ?’ ಎಂದು ಮೊದಲು ಕೇಳಿದಿರಿ. ಮಿನುಗಿದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಇರುತ್ತದೆ, ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು ಎಂದು ವಿವರಿಸಿದಿರಿ. ನನ್ನದು ಒಂದೇ ಸಮ ಉರಿಯುತ್ತಿತ್ತು. ಸುಮ್ನೆ ಸೆನ್ಸರ್ ಕೊಳ್ಳಬೇಡಿ ಎಂದು ದೋಷದ ಕೋಡ್ ಓದುವ ನಿಮ್ಮ ಬ್ಲೂಟೂತ್ ಸ್ಕ್ಯಾನರನ್ನೇ ಎರವಲು ಕೊಟ್ಟಿರಿ.

ಮನೆಯಲ್ಲಿ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ (ದೋಷ ಪತ್ತೆಯ) ಸಾಕೆಟ್‌ಗೆ ಸಿಕ್ಕಿಸಿದೆ. ಪಿ0171 ಕೋಡ್ ಬಂತು. ಪೆಟ್ರೋಲಿನ ಜೊತೆ ಬೆರೆಯುವ ಗಾಳಿಯ ಪಾಲು ಇರಬೇಕಾದ್ದಕ್ಕಿಂತ ಜಾಸ್ತಿ ಎಂದರ್ಥ. ನೀವು ಹೇಳಿದಂತೆ ಫ್ಯುಯೆಲ್ ಟ್ರಿಮ್, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬುದನ್ನು ನೋಡಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಶೇ. 20ರ ಮೇಲೆ ಹೆಚ್ಚು, 2500 ಆರ್‌ಪಿಎಂನಲ್ಲಿ ಹೆಚ್ಚುಕಡಿಮೆ ಸರಿ. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ಒಳನುಗ್ಗುತ್ತಿದ್ದರೆ ಹೀಗಾಗುತ್ತದೆ. ಎಂಜಿನ್ ಎಳೆಯುವ ಒಟ್ಟು ಗಾಳಿ ಐಡಲ್‌ನಲ್ಲಿ ಕಡಿಮೆ, ಆದ್ದರಿಂದ ಸಣ್ಣ ಸೋರಿಕೆಯೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಅಂದರೆ ಆಕ್ಸಿಜನ್ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು ಅಲ್ವಾ!

ಎಂಜಿನ್ ತಣ್ಣಗಾದ ಮೇಲೆ ಪಿಸಿವಿ ಹೋಸನ್ನು (ಎಂಜಿನ್ ಒಳಗಿನ ಅನಿಲವನ್ನು ಮತ್ತೆ ಗಾಳಿಯ ದಾರಿಗೆ ಒಯ್ಯುವ ಕೊಳವೆ) ಬಗ್ಗಿಸಿ ನೋಡಿದೆ. ಅಡಿಯಲ್ಲಿ ಉದ್ದ ಬಿರುಕು. ಹೊಸ ಹೋಸ್ ಹಾಕಿದೆ. ಟ್ರಿಮ್ ಸೊನ್ನೆಯ ಆಸುಪಾಸಿಗೆ ಬಂತು, ದೀಪ ಮತ್ತೆ ಹತ್ತಿಲ್ಲ.

ದುಡ್ಡು ಉಳಿದದ್ದು ಸಂತೋಷವೇ. ಆದರೆ ‘ಕೋಡ್ ಅಳಿಸಿದರೆ ದೋಷ ಕಂಡ ಕ್ಷಣದ ಎಂಜಿನ್ ಮಾಹಿತಿ, ಆ ಫ್ರೀಜ್ ಫ್ರೇಮೂ ಹೋಗುತ್ತದೆ, ಮೊದಲು ಬರೆದಿಟ್ಟುಕೋ’ ಎಂದು ಸ್ವಂತ ಮಗನಿಗೆ ಹೇಳುವಂತೆ ಹೇಳಿದಿರಲ್ಲ, ಅದು ನನಗೆ ಇನ್ನೂ ದೊಡ್ಡದು. ಪಕ್ಕದ ಮನೆಯವರ ಕಾರಿನ ದೀಪವೂ ಹತ್ತಿದೆ. ಅವರಿಗೂ ಮೊದಲು ಇದನ್ನೇ ಹೇಳಿದೆ.